ಎಸ್ಟೇಟ್ ಸೇಲ್‌ನಲ್ಲಿ ಸಿಕ್ಕ ನಾರ್ವೆ ಪೆಟ್ಟಿಗೆ: ಇದರ ಮೇಲಿನ ಚಿತ್ತಾರ ಎಲ್ಲಿಯದು?

ಹಿಮದೂರಿನವಳು
ಎಲ್ಲರಿಗೂ ನಮಸ್ಕಾರ. ಮಿನ್ನೆಸೋಟದ ದಕ್ಷಿಣಕ್ಕೆ ನಮ್ಮ ಮನೆ. ಇಲ್ಲಿ ಸುತ್ತಮುತ್ತ ನಾರ್ವೆ ಮೂಲದ ರೈತರ ಮನೆಗಳು ಜಾಸ್ತಿ. ಹೋದ ವಾರ ಅಂಥದೊಂದು ಮನೆಯ, ಯಜಮಾನರು ತೀರಿಕೊಂಡ ಮೇಲೆ ಸಾಮಾನೆಲ್ಲ ಮಾರುವ, ಎಸ್ಟೇಟ್ ಸೇಲ್‌ನಲ್ಲಿ ಒಂದು ಮರದ ಪೆಟ್ಟಿಗೆ ಕೊಂಡೆ. ಮುಚ್ಚಳ ಉಬ್ಬಿಕೊಂಡಿದೆ. ಅಡ್ಡಡ್ಡ ಕಬ್ಬಿಣದ ಪಟ್ಟಿಗಳಿವೆ. ಮೈಯೆಲ್ಲ ಮಾಸಿದ ನೀಲಿ-ಹಸಿರು. ಅದರ ಮೇಲೆ ಕೆಂಪು, ಹಳದಿ, ಬಿಳಿ ಬಣ್ಣದ ಸುರುಳಿ ಎಲೆಗಳು, ನಡುವೆ ಒಂದು ದೊಡ್ಡ ದುಂಡು ಹೂವು. ಮುಂಭಾಗದಲ್ಲಿ ಒಬ್ಬ ಹೆಂಗಸಿನ ಹೆಸರು, ಪಕ್ಕದಲ್ಲಿ 1838. ಅದರ ಕೆಳಗೆ ಒರಟು ಕಪ್ಪಕ್ಷರದಲ್ಲಿ 'ನಾರ್ಡ್ ಅಮೆರಿಕ' (ಉತ್ತರ ಅಮೆರಿಕ) ಅಂತ ಬರೆದಿದೆ.

ಮಾರಿದವರು 'ಇದು ಅಮೆರಿಕಕ್ಕೆ ಹೊರಡುವಾಗ ಅಂತಲೇ ಮಾಡಿಸಿದ್ದು, ಮನೆಯವರು 1838ರಲ್ಲೇ ಬಂದರು' ಅಂದರು. ನಂಬಬಹುದಾ? ಈ ಚಿತ್ತಾರಕ್ಕೆ ರೋಸ್‌ಮಾಲಿಂಗ್ ಅನ್ನುತ್ತಾರೆ ಅನ್ನುವುದಷ್ಟೇ ನನಗೆ ಗೊತ್ತು. ಫೋಟೊ ಹಾಕಿದ್ದೇನೆ, ನೋಡಿ. ಬಣ್ಣ ಅಲ್ಲಲ್ಲಿ ಎದ್ದಿದೆ. ನಮ್ಮ ಮನೆಯವರು 'ಉಜ್ಜಿ, ಹೊಸ ಬಣ್ಣ ಹೊಡೆದು ಕಾಫಿ ಟೇಬಲ್ ಮಾಡೋಣ' ಅಂತ ಹಟ ಹಿಡಿದಿದ್ದಾರೆ.

ಸಾಣೆಕಲ್ಲು
ಮೇಡಂ, ಮೊದಲು ಮನೆಯಲ್ಲಿರುವ ಉಜ್ಜುಕಾಗದವನ್ನೆಲ್ಲ ಬಚ್ಚಿಡಿ. ಮಿಕ್ಕಿದ್ದು ಆಮೇಲೆ.

ಕುಂಚಪ್ಪ
ಸಾಣೆಕಲ್ಲು ಹೇಳಿದ್ದೇ ಸರಿ. ನಾನು ವಿಸ್ಕಾನ್ಸಿನ್‌ನಲ್ಲಿ ಕೆಲವು ವರ್ಷದಿಂದ ಈ ಚಿತ್ತಾರ ಕಲಿಯುತ್ತಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಪೆಟ್ಟಿಗೆಯ ಮೇಲಿನ ವರ್ಷ ಹಡಗು ಹತ್ತಿದ ವರ್ಷ ಆಗಿರಬೇಕು ಅಂತೇನೂ ಇಲ್ಲ. ನಾರ್ವೆಯ ಹಳ್ಳಿಗಳಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿಗೆ ಇಂಥ ಪೆಟ್ಟಿಗೆ ಕೊಡುತ್ತಿದ್ದರು. ಅವಳ ಬಟ್ಟೆ, ನೇಯ್ದ ಹೊದಿಕೆ, ಬೆಳ್ಳಿ ಎಲ್ಲ ಅದರಲ್ಲೇ. ಹೆಸರು, ವರ್ಷ ಎರಡನ್ನೂ ಚಿತ್ತಾರದವನೇ ಅಂದವಾಗಿ ಬರೆಯುತ್ತಿದ್ದ. ಆಮೇಲೆ 20-30 ವರ್ಷ ಕಳೆದು ಮನೆಮಂದಿ ಅಮೆರಿಕಕ್ಕೆ ಹೊರಟಾಗ ಗಟ್ಟಿಮುಟ್ಟಾದ ಪೆಟ್ಟಿಗೆ ಬೇಕಲ್ಲ, ಮನೆಯಲ್ಲಿದ್ದ ಇದನ್ನೇ ಎಳೆದುಕೊಂಡರು. ನಿಮ್ಮ 'ನಾರ್ಡ್ ಅಮೆರಿಕ' ಆಗ ಬರೆದದ್ದಿರಬೇಕು. ಸಾಮಾನು ತಪ್ಪಿಹೋಗದ ಹಾಗೆ ಹಾಕಿದ ವಿಳಾಸ ಅದು. ಆ ಅಕ್ಷರ ಒರಟು ಅಂತ ನೀವೇ ಹೇಳಿದ್ದೀರಿ, ಅಲ್ವಾ? ಅದೇ ಸುಳಿವು.

1838ರಲ್ಲಿ ಬಂದವರು ಇರಲೇ ಇಲ್ಲ ಅಂತಲ್ಲ. ಮೊದಲ ಗುಂಪು 1825ರ ಜುಲೈ 4ರಂದು ನಾರ್ವೆಯ ಸ್ಟಾವಂಗರ್‌ನಿಂದ 'ರೆಸ್ಟೊರೇಷನ್' ಅನ್ನುವ ಪುಟ್ಟ ಹಡಗಿನಲ್ಲಿ ಹೊರಟಿತು. 52 ಜನ. ದಾರಿಯಲ್ಲಿ ಒಂದು ಮಗು ಹುಟ್ಟಿ, ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್ ತಲುಪಿದಾಗ 53. ಅಷ್ಟು ಸಣ್ಣ ಹಡಗಿಗೆ ಜನ ಜಾಸ್ತಿ ಆಯಿತು ಅಂತ ಅಲ್ಲಿನ ಅಧಿಕಾರಿಗಳು ಹಡಗನ್ನೇ ಜಪ್ತಿ ಮಾಡಿದರು. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮಾಫಿ ಕೊಡಬೇಕಾಯಿತು. ಆದರೆ ಜನ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1860ರ ದಶಕದ ನಡುವಿನಿಂದ ಈಚೆಗೆ. ನೂರು ವರ್ಷದಲ್ಲಿ 8 ಲಕ್ಷಕ್ಕೂ ಜಾಸ್ತಿ ಜನ ಬಂದರು. ಹಾಗಾಗಿ ಮಾರಿದವರ ಮಾತನ್ನು ಅರ್ಧದಷ್ಟು ಮಾತ್ರ ನಂಬಿ.

ಹಿಮದೂರಿನವಳು
ಅರ್ಧದ ಆಚೆಗೆ ತಿಳಿಯೋದು ಹೇಗೆ? ಹೆಸರಿನ ಕೊನೆಗೆ 'ಡಾಟರ್' ಅಂತಿದೆ.

ಕಡತದ ಹುಳು
ಇದು ನನ್ನ ಇಷ್ಟದ ಕೆಲಸ. 'ಡಾಟರ್' ಅಂದರೆ ಇಂಥವನ ಮಗಳು ಅಂತ ಅಪ್ಪನ ಹೆಸರು. ಎಲ್ಲರಿಗೂ ಮನೆತನದ ಹೆಸರು ಇರಲೇಬೇಕು ಅಂತ ನಾರ್ವೆಯಲ್ಲಿ ಕಾನೂನು ಬಂದದ್ದೇ 1923ರಲ್ಲಿ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ, ತಾಳ್ಮೆ ಬೇಕು.

ನಾರ್ವೆಯ ರಾಷ್ಟ್ರೀಯ ದಾಖಲೆ ಸಂಗ್ರಹ 'ಡಿಜಿಟಾಲ್‌ಆರ್ಕಿವೆಟ್' ಅಂತ ತಾಣ ನಡೆಸುತ್ತದೆ. ದುಡ್ಡು ಕೊಡಬೇಕಿಲ್ಲ. 1801ರ ಜನಗಣತಿಯಲ್ಲೂ 1865ರ ಜನಗಣತಿಯಲ್ಲೂ ಜನರ ಹೆಸರು ಸಮೇತ ಇದೆ. ಚರ್ಚ್‌ಗಳ ಪುಸ್ತಕದಲ್ಲಿ ಹುಟ್ಟು, ಮದುವೆ, ಸಾವಿನ ಜೊತೆ ಊರು ಬಿಟ್ಟವರ ಪಟ್ಟಿಯೂ ಇರುತ್ತದೆ. ಪೆಟ್ಟಿಗೆ ಯಾವ ಸೀಮೆಯದು ಅಂತ ಗೊತ್ತಾದರೆ ಹುಡುಕುವುದು ಸಲೀಸು. ಆ ಸೀಮೆಯ 1838ರ ಮದುವೆ ಪುಟ ತೆಗೆಯಿರಿ. ಅದೇ ಹೆಂಗಸು 1865ರಲ್ಲೂ ನಾರ್ವೆಯಲ್ಲೇ ಇದ್ದರೆ ಮಾರಿದವರ ಕಥೆ ಅಲ್ಲಿಗೆ ಮುಗಿಯಿತು. ಸೀಮೆ ಯಾವುದು ಅಂತ ಕುಂಚಪ್ಪನವರೇ ಹೇಳಬೇಕು.

ಕುಂಚಪ್ಪ
ಫೋಟೊ ನೋಡಿದೆ. ನೂರಕ್ಕೆ ನೂರು ಅನ್ನಲಾರೆ. ಆದರೆ ಹಾಲಿಂಗ್‌ದಾಲ್ ಅನ್ನುವ ನಾರ್ವೆಯ ಕಣಿವೆಯ ಕಡೆಗೆ ವಾಲುತ್ತದೆ ನನ್ನ ಮನಸ್ಸು.

ಯಾಕೆ ಅಂದರೆ, ನಡುವೆ ಹೂವು ಇಟ್ಟು ಎಡಕ್ಕೂ ಬಲಕ್ಕೂ ಒಂದೇ ಥರ ಎಲೆ ಬಿಡುವುದು, ಬಣ್ಣ ದಪ್ಪಗೆ ಹಾಕುವುದು, ಇವು ಹಾಲಿಂಗ್‌ದಾಲ್ ರೀತಿ. ಅಲ್ಲಿ ಹೆರ್‌ಬ್ರಾಂಡ್ ಸಾತಾ ಅಂತ ದೊಡ್ಡ ಹೆಸರು, ಅವರ ಮಕ್ಕಳೂ ಇದೇ ಕಸುಬು ಹಿಡಿದರು. ಪಕ್ಕದ ಟೆಲೆಮಾರ್ಕ್‌ಗೆ ಹೋದರೆ ಲೆಕ್ಕವೇ ಬೇರೆ. ಒಂದು ಮೂಲೆಯಲ್ಲಿ ಬೇರು ಹಿಡಿದ ಹಾಗೆ ಶುರುವಾಗಿ, ಬಳ್ಳಿ ತನಗೆ ಬೇಕಾದ ಕಡೆ ಹೊರಳುತ್ತದೆ. ಎರಡೂ ಬದಿ ಸಮ ಇರಬೇಕು ಅನ್ನುವ ಹಂಗಿಲ್ಲ. ಬಣ್ಣ ತೆಳು, ಕೆಳಗಿನ ಗೀರು ಮೇಲಿನ ಗೀರಿನೊಳಗಿಂದ ಕಾಣುತ್ತದೆ. ರೋಗಲಾಂಡ್‌ನಲ್ಲಿ ಮತ್ತೆ ಸಮ ಜೋಡಣೆ, ಗಾಢ ನೆಲ (ಹಿನ್ನೆಲೆಯ ಬಣ್ಣ), ಟುಲಿಪ್ ಹೂವು ಜಾಸ್ತಿ. ವಾಲ್‌ದ್ರೆಸ್‌ನವರಿಗೆ ನಿಜವಾದ ಹೂವಿನ ಗೊಂಚಲಿನ ಹಾಗೆ ಕಾಣಬೇಕು. ಗುಡ್‌ಬ್ರಾಂಡ್ಸ್‌ದಾಲ್‌ನಲ್ಲಿ ಮರದ ಕೆತ್ತನೆಯ ಎಲೆಯನ್ನೇ ಬಣ್ಣದಲ್ಲಿ ಬರೆಯುತ್ತಾರೆ. ಬರ್ಗನ್ ಹತ್ತಿರದ ಓಸ್ ಸೀಮೆಯದು ನೋಡಿದ ತಕ್ಷಣ ಗೊತ್ತಾಗುತ್ತದೆ, ಅಷ್ಟು ಹೊಳಪು. ಕಣಿವೆಗೊಂದು ಕೈ ಅಂದುಕೊಳ್ಳಿ.

ಒಂದು ಎಚ್ಚರಿಕೆ. ನೆಲದ ಬಣ್ಣ ನೋಡಿ ಸೀಮೆ ಹೇಳಬೇಡಿ. ಈಗ ಹಸಿರಾಗಿ ಕಾಣುವುದು ಮೊದಲು ಶುದ್ಧ ನೀಲಿಯೇ ಇದ್ದಿರಬಹುದು. ಅಗಸೆ ಎಣ್ಣೆ, ವಾರ್ನಿಷ್ ಎರಡೂ ವರ್ಷ ಕಳೆದಂತೆ ಹಳದಿಗೆ ತಿರುಗುತ್ತವೆ. ನೀಲಿಯ ಮೇಲೆ ಹಳದಿ ಪೊರೆ ಬಿದ್ದರೆ ಹಸಿರು. ಮುಚ್ಚಳ ತೆಗೆದು ಒಳಗೆ ನೋಡಿ. ಒಳಮೈಗೂ ಚಿತ್ತಾರ ಇದ್ದರೆ, ಅಲ್ಲಿ ಬೆಳಕು ತಾಗಿಲ್ಲ, ಕೈ ತಾಗಿಲ್ಲ, ಹಾಗಾಗಿ ಬಣ್ಣ ಇನ್ನೂ ಗಟ್ಟಿಯಾಗಿರುತ್ತದೆ. ಒಂದು ಬದಿಗೆ ಮುಚ್ಚಳ ಇರುವ ಸಣ್ಣ ಗೂಡು ಇದೆಯಾ? ಚಿಕ್ಕಪುಟ್ಟ ಬೆಲೆಬಾಳುವ ಸಾಮಾನಿಗೆ ಅಂತ ಮಾಡಿರುತ್ತಾರೆ.

ಹಿಮದೂರಿನವಳು
ಗೂಡು ಇದೆ! ಎಡಗಡೆಗೆ. ಅದರ ತಳದಲ್ಲಿ ಎರಡು ತುಕ್ಕು ಹಿಡಿದ ಸೂಜಿ ಸಿಕ್ಕಿಬಿದ್ದಿವೆ. ಮುಚ್ಚಳದ ಒಳಗಿನ ನೀಲಿ ನೋಡಿ ಬೆಚ್ಚಿಬಿದ್ದೆ, ಹೊರಗಿನದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಮ್ಮ ಮನೆಯವರೂ ನೋಡಿದರು. ಕಾಫಿ ಟೇಬಲ್ ಮಾತು ಸದ್ಯಕ್ಕೆ ನಿಂತಿದೆ.

ಪ್ರಶ್ನೆಪತ್ರಿಕೆ
ಒಂದು ಸಂದೇಹ. ಚಳಿದೇಶ, ಬಡ ರೈತರು. ಇಷ್ಟೊಂದು ಬಣ್ಣ, ಹೂವು, ಸುರುಳಿ ಅವರಿಗೆ ಎಲ್ಲಿಂದ ಬಂತು? ಫೋಟೊದಲ್ಲಿ ನೋಡಿದರೆ ಅರಮನೆ ಚಾವಣಿ ಕಂಡ ಹಾಗಿದೆ.

ಕುಂಚಪ್ಪ
ಅರಮನೆಗಿಂತ ಚರ್ಚ್ ಅನ್ನಿ. ಓಸ್ಲೋದ ದೊಡ್ಡ ಚರ್ಚಿನಲ್ಲಿ 1699ರ ಹೊತ್ತಿಗೆ ಅಕಾಂಥಸ್ ಅನ್ನುವ ಗಿಡದ ಎಲೆಯ ಭಾರಿ ಕೆತ್ತನೆ ಬಂತು. ಬರೋಕ್ ಅನ್ನುವ ಯೂರೋಪಿನ ಅದ್ದೂರಿ ಶೈಲಿ ಅದು. ಅದನ್ನು ನೋಡಿದ ಊರೂರಿನ ಕೆತ್ತನೆಯವರು ತಮ್ಮ ಚರ್ಚಿಗೂ ತಂದರು. ಚರ್ಚಿನಲ್ಲಿ ಕಂಡದ್ದು ಮನೆಗೂ ಬೇಕು ಅನ್ನಿಸದೆ ಇರುತ್ತದೆಯಾ? ಮುಂದೆ, ಅದರ ನಂತರದ ರೊಕೋಕೊ ಶೈಲಿಯ ಸುರುಳಿಗಳೂ ಸೇರಿಕೊಂಡವು. 18ನೇ ಶತಮಾನದ ನಡುವಿನ ಹೊತ್ತಿಗೆ ಟೆಲೆಮಾರ್ಕ್, ಹಾಲಿಂಗ್‌ದಾಲ್ ಹಳ್ಳಿಗಳಲ್ಲಿ ಇದು ಗಟ್ಟಿಯಾಗಿ ನೆಲೆಯಾಗಿತ್ತು.

ಇನ್ನೊಂದು ಕಾರಣ ಇದೆ, ನನಗೆ ಅದೇ ಹೆಚ್ಚು ಇಷ್ಟ. ಹೊಗೆ! ಹಳೆಯ ಮನೆಗಳಲ್ಲಿ ನಡುಮನೆಯಲ್ಲೇ ತೆರೆದ ಒಲೆ. ಹೊಗೆ ಹೋಗುವುದಕ್ಕೆ ಚಾವಣಿಯಲ್ಲಿ ಒಂದು ಕಂಡಿ, ಅಷ್ಟೇ. ಗೋಡೆ, ತೊಲೆ ಎಲ್ಲ ಮಸಿ. ಅಲ್ಲಿ ಯಾರು ಹೂವು ಬರೆಸುತ್ತಾರೆ? ಹೊಗೆಕೊಳವೆ ಇರುವ ಒಲೆ ಬಂತು, ಕಿಟಕಿಗೆ ಗಾಜು ಬಂತು, ಗೋಡೆ ಬೆಳ್ಳಗೆ ಉಳಿಯಿತು. ಆಮೇಲೆ ಬಣ್ಣ ಗೋಡೆಗೂ ಚಾವಣಿಗೂ ಬೀರುವಿಗೂ ಬಿಯರ್ ಬಟ್ಟಲಿಗೂ ಹತ್ತಿತು.

ಬರೆಯುತ್ತಿದ್ದವರು ಹೆಚ್ಚಿನವರು ಸ್ವಂತ ಜಮೀನಿಲ್ಲದ ಗಂಡಸರು. ಬಣ್ಣದ ಗಂಟು ಹೊತ್ತು ತೋಟದಿಂದ ತೋಟಕ್ಕೆ ಹೋಗುವುದು, ಅಲ್ಲೇ ಊಟ, ಅಲ್ಲೇ ನಿದ್ದೆ, ಕೈಗಿಷ್ಟು ಕಾಸು. ಟೆಲೆಮಾರ್ಕ್‌ನ ಥಾಮಸ್ ಲೂರೋಸ್ 1799ರಿಂದ 1886ರವರೆಗೆ ಬದುಕಿದ್ದರು. ಈ ಕಸುಬು ಜೋರಾಗಿದ್ದದ್ದೂ ಇಳಿದದ್ದೂ ಅವರೊಬ್ಬರ ಆಯುಸ್ಸಿನೊಳಗೆ ಬಂದುಬಿಡುತ್ತದೆ.

ಮಲೆನಾಡ ಮಳೆ
ನಮ್ಮ ಹಸೆ ಚಿತ್ತಾರದ ಹಾಗೇ ಇದೆಯಲ್ಲ ಇದು! ಸಾಗರ, ಸೊರಬದ ಕಡೆ ದೀವರ ಹೆಂಗಸರು ಗೋಡೆ ಮೇಲೆ ಬರೆಯುವುದು.

ಕುಂಚಪ್ಪ
ಎರಡೂ ಚೆಂದ ಅನ್ನುವುದು ಬಿಟ್ಟರೆ ನನಗೆ ಹೋಲಿಕೆ ಕಾಣುವುದಿಲ್ಲ. ಹಸೆ ಚಿತ್ತಾರ ಮನೆಯ ಹೆಂಗಸರು ತಮ್ಮ ಮನೆಗೆ, ಮದುವೆ-ಹಬ್ಬಕ್ಕೆ ಬರೆಯುವುದು, ಗೆರೆಗಳ ಲೆಕ್ಕಾಚಾರ. ಇದು ದುಡ್ಡಿಗೆ ಬರುವ ಹೊರಗಿನ ಗಂಡಸು ಬರೆಯುತ್ತಿದ್ದದ್ದು. ಅಮೆರಿಕಕ್ಕೆ ಬಂದ ಮೇಲೆ ಮಾತ್ರ ಅದು ಹೆಂಗಸರ ಕೈಗೆ ಹೋಯಿತು, ಅದು ಬೇರೆ ಕಥೆ.

ಪ್ರಶ್ನೆಪತ್ರಿಕೆ
ಆ ಬೇರೆ ಕಥೆಯನ್ನೇ ಹೇಳಿ ಸಾರ್. ವಲಸಿಗರು ಬಂದು ತಮ್ಮ ಮರದ ಮನೆಗಳಿಗೆಲ್ಲ ಹೂವು ಬರೆದುಕೊಂಡರಾ?

ಕುಂಚಪ್ಪ
ಇಲ್ಲ. ಎಲ್ಲರೂ ತಪ್ಪು ತಿಳಿದಿರುವುದು ಇಲ್ಲೇ. ಬಂದದ್ದು ಪೆಟ್ಟಿಗೆ. ಬರೆಯುವ ಕಸುಬು ಅದರ ಜೊತೆ ಬರಲಿಲ್ಲ ಅಂದರೂ ನಡೆದೀತು. ಒಬ್ಬಿಬ್ಬರು ಚಿತ್ತಾರದವರು ಬಂದಿದ್ದರು, ನಿಜ. ಆದರೆ ಕಾಡು ಕಡಿದು, ಹುಲ್ಲುಗಾವಲು ಉತ್ತು, ಚಳಿಗೆ ಮೊದಲು ಒಂದು ಸೂರು ಎಬ್ಬಿಸಬೇಕು. ಗೋಡೆಗೆ ಹೂವು ಬರೆಸಿ ಊಟ ಹಾಕಿ ಇಟ್ಟುಕೊಳ್ಳುವ ತೋಟದ ಯಜಮಾನ ಎಲ್ಲಿ? ಮಕ್ಕಳಿಗೆ ಅಮೆರಿಕನ್ ಆಗುವ ಆತುರ. ಅಜ್ಜಿ ತಂದ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಕೊಟ್ಟಿಗೆ ಸೇರಿ ಕಾಳು ತುಂಬುವುದಕ್ಕೆ ಬಿತ್ತು.

ಅತ್ತ ನಾರ್ವೆಯಲ್ಲೂ 1860-70ರ ಹೊತ್ತಿಗೆ ಇದು ಬಡವಾಗಿತ್ತು. ಕಾರ್ಖಾನೆ ಸಾಮಾನು ಬಂತು, ರುಚಿ ಬದಲಾಯಿತು. ಕೆಲವು ಕಡೆ ಕಟ್ಟುನಿಟ್ಟಿನ ಭಕ್ತರಿಗೆ ಇಷ್ಟು ಅಲಂಕಾರ ಜಂಬವಾಗಿ ಕಂಡಿತು.

ಹೀಗೆ ಎರಡೂ ಕಡೆ ಸೊರಗಿದ ಮೇಲೆ ಬಂದವರು ಪೆರ್ ಲೀಸ್ನೆ. 1880ರಲ್ಲಿ ನಾರ್ವೆಯ ಲೆರ್‌ದಾಲ್‌ನಲ್ಲಿ ಹುಟ್ಟಿದವರು. ತಂದೆಯೂ ಚಿತ್ತಾರದವರೇ. 1907ರಲ್ಲಿ ವಿಸ್ಕಾನ್ಸಿನ್‌ನ ಸ್ಟೋಟನ್‌ಗೆ ಬಂದು ಮಾಂಟ್ ಗಾಡಿ ಕಾರ್ಖಾನೆಯಲ್ಲಿ ಬಣ್ಣದ ಕೆಲಸ ಹಿಡಿದರು. ಕುದುರೆಗಾಡಿಯ ಮೈಗೆ ಗೆರೆ ಎಳೆಯುವುದು, ಅಂಚಿಗೆ ಅಲಂಕಾರ ಮಾಡುವುದು. ಆ ಕಾಲದಲ್ಲಿ ಗಾಡಿ ಮಾರಾಟವಾಗಬೇಕಾದರೆ ಅದೂ ಬೇಕಿತ್ತು. ಮೋಟಾರು ಬಂತು, ಗಾಡಿಗೆ ಗಿರಾಕಿ ಕಮ್ಮಿಯಾದರು. ಆಮೇಲೆ 1930ರ ದಶಕದ ಆರ್ಥಿಕ ಕುಸಿತ. ಆಗ ಲೀಸ್ನೆ ಅಪ್ಪನ ಕಸುಬಿಗೆ ವಾಪಸ್ ಬಂದರು. ದೊಡ್ಡ ಮರದ ತಟ್ಟೆಗೆ ಹೂವು ಬರೆದು, ಅಂಚಿನ ಸುತ್ತ ನಾರ್ವೆ ಭಾಷೆಯ ಮಾತು ಬರೆದು ಮಾರಿದರು. 'ಸ್ಮೋರ್ಗಾಸ್‌ಬೋರ್ಡ್ ತಟ್ಟೆ' ಅಂತ ಅದಕ್ಕೆ ಹೆಸರಾಯಿತು (ಬಗೆಬಗೆಯ ತಿನಿಸು ಹರಡಿಟ್ಟ ಊಟಕ್ಕೆ ಆ ಹೆಸರು). ಗೋಡೆಗೆ ನೇತುಹಾಕುವ ತಟ್ಟೆ ಅಮೆರಿಕದಲ್ಲಿ ಶುರುವಾದದ್ದು ಹೀಗೆ. 1947ರಲ್ಲಿ ತೀರಿಕೊಂಡರು. ಅಮೆರಿಕದ ರೋಸ್‌ಮಾಲಿಂಗ್‌ನ ತಂದೆ ಅಂತ ಅವರನ್ನೇ ಕರೆಯುತ್ತಾರೆ.

ಅವರನ್ನು ನೋಡಿ ಕುಂಚ ಹಿಡಿದವರಲ್ಲಿ ಅದೇ ಸ್ಟೋಟನ್‌ನ ಈಥೆಲ್ ಕ್ವಾಲ್‌ಹೈಮ್ ಒಬ್ಬರು. 1989ರಲ್ಲಿ ಅವರಿಗೆ ಅಮೆರಿಕದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು. ಜನಪದ ಕಲೆಗೆ ಆ ದೇಶ ಕೊಡುವ ದೊಡ್ಡ ಗೌರವ.

ಸಾಣೆಕಲ್ಲು
ಕೋಪ ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ಹಾಗಾದರೆ ಇವತ್ತು ಇಲ್ಲಿ ಬರೆಯುವುದೆಲ್ಲ ಬರೀ ಹವ್ಯಾಸ ಅಲ್ವಾ? ಕ್ರಾಫ್ಟ್ ಅಂಗಡಿಯ ಬಣ್ಣ, ಪ್ಯಾಟರ್ನ್ ಪೇಪರ್, ಕಾರ್ಬನ್ ಹಾಳೆ ಇಟ್ಟು ಗೀಚುವುದು. ಪರಂಪರೆ ಅಂತ ಸುಮ್ನೆ ದೊಡ್ಡ ಮಾತು ಯಾಕೆ?

ಬಣ್ಣದ ಡಬ್ಬಿ
ನಾನು ಪ್ಯಾಟರ್ನ್ ಇಟ್ಟುಕೊಂಡು ಅಕ್ರಿಲಿಕ್‌ನಲ್ಲಿ ಬರೆಯುವವಳೇ. ಹವ್ಯಾಸ ಅಂದರೆ ಅವಮಾನ ಏನೂ ಇಲ್ಲ. ಆದರೆ 'ಬರೀ' ಅನ್ನುವುದಕ್ಕೆ ನನ್ನ ತಕರಾರಿದೆ. ಅಯೋವಾದ ಡೆಕೋರಾ ಊರಿನಲ್ಲಿ ವೆಸ್ಟರ್‌ಹೈಮ್ ಮ್ಯೂಸಿಯಂ ಇದೆ, 1877ರಲ್ಲಿ ಲೂಥರ್ ಕಾಲೇಜಿನಲ್ಲಿ ಶುರುವಾದದ್ದು. 1967ರಲ್ಲಿ ಅವರು ಸಿಗ್ಮುಂಡ್ ಆರ್ಸೆತ್ ಅವರನ್ನು ನಾರ್ವೆಯಿಂದ ಕರೆಸಿ ತರಗತಿ ನಡೆಸಿದರು. ಅದೇ ವರ್ಷ ಸ್ಪರ್ಧೆಯ ಪ್ರದರ್ಶನವೂ ಶುರುವಾಯಿತು. ವರ್ಷ ವರ್ಷ ಬಹುಮಾನದ ಅಂಕ ಕೂಡಿಸಿಕೊಂಡು ಬಂದವರಿಗೆ ಗೋಲ್ಡ್ ಮೆಡಲ್. ಮುಂದೆ ಹಾಲಿಂಗ್‌ದಾಲ್ ರೀತಿಯ ನಿಲ್ಸ್ ಎಲಿಂಗ್ಸ್‌ಗಾರ್ಡ್, ರೋಗಲಾಂಡ್ ರೀತಿಯ ಬರ್ಗ್‌ಲ್ಯೊತ್ ಲುಂಡೆ ಅಂಥವರೂ ಬಂದು ಕಲಿಸಿದರು.

ಇದರಿಂದ ಏನಾಯಿತು ಅಂದರೆ, ಅಲ್ಲಿಯತನಕ ಇಲ್ಲಿನವರು ಎಲ್ಲ ಸೀಮೆಯದನ್ನೂ ಕಲಸಿ ಬರೆಯುತ್ತಿದ್ದರು. ತರಗತಿ ಬಂದ ಮೇಲೆ 'ಇದು ಟೆಲೆಮಾರ್ಕ್, ಇದು ರೋಗಲಾಂಡ್' ಅಂತ ಬೇರೆ ಬೇರೆ ಕಲಿತರು. ಹಳೆಯ ಪೆಟ್ಟಿಗೆಗಳು ಅದೇ ಮ್ಯೂಸಿಯಂನಲ್ಲಿ ಕಣ್ಣ ಮುಂದೆ ಇವೆ, ಅವನ್ನೇ ನೋಡಿ ಕೈ ತಿದ್ದಿಕೊಂಡರು.

ಕುಂಚಪ್ಪ
ಬಣ್ಣದ ಡಬ್ಬಿ ಮೇಡಂ ಹೇಳಿದ್ದು ಸರಿ. ನನ್ನ ಅಭಿಪ್ರಾಯ ಇಷ್ಟು. ಇದನ್ನು ಮುರಿಯದೆ ಹರಿದು ಬಂದದ್ದು ಅಂತ ಹೇಳುವುದು ಸುಳ್ಳು. ನಡುವೆ ಹತ್ತಿರ ಹತ್ತಿರ ಎರಡು ತಲೆಮಾರು ಖಾಲಿ. ಹಾಗಂತ ನಕಲಿ ಅನ್ನುವುದೂ ಅನ್ಯಾಯ. ಪ್ಯಾಟರ್ನ್ ವಿಷಯದಲ್ಲಿ ಮಾತ್ರ ನಾನು ಸಾಣೆಕಲ್ಲು ಪಕ್ಷ. ಹಳೆಯವರು ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ನೇರ ಬಣ್ಣಕ್ಕೆ ಹೋಗುತ್ತಿದ್ದರು. ಕಾರ್ಬನ್ ಗೆರೆಯ ಹಿಂದೆ ಹೋದ ಕುಂಚ ಹೆದರಿಕೊಂಡು ನಡೆದ ಹಾಗೆ ಕಾಣುತ್ತದೆ. ಗೊತ್ತಾಗಿಬಿಡುತ್ತದೆ.

ಬಣ್ಣದ ಡಬ್ಬಿ
ಅದನ್ನು ಗಂಡಸರು ಹೇಳುವುದು ಸುಲಭ. ಮಕ್ಕಳು ಮಲಗಿದ ಮೇಲೆ ಮುಕ್ಕಾಲು ಗಂಟೆ ಸಿಗುತ್ತದೆ ನನಗೆ. ಪ್ಯಾಟರ್ನ್ ಬೇಕೇ ಬೇಕು. 🙂

ಬೆಂಗಳೂರು ಬಿಸಿಲು
ಇಲ್ಲಿ ಕೂತು ಕಲಿಯಬಹುದಾ? ಕೈ ಹೇಗೆ ಆಡಿಸಬೇಕು ಅಂತ ಸ್ವಲ್ಪ ಬಿಡಿಸಿ ಹೇಳಿ. ವಿಡಿಯೊ ನೋಡಿದರೆ ಎರಡು ಸೆಕೆಂಡಿನಲ್ಲಿ ಎಲೆ ಮುಗಿದುಹೋಗುತ್ತದೆ.

ಕುಂಚಪ್ಪ
ಖಂಡಿತ. ಅಕ್ಷರದಲ್ಲಿ ಹೇಳುವುದು ಕಷ್ಟ, ಆದರೂ ನೋಡೋಣ.

ಇದಕ್ಕೆ ಮೂಲ ಎರಡೇ ಗೀರು. ಇಂಗ್ಲಿಷಿನ ಸಿ ಅಕ್ಷರ, ಎಸ್ ಅಕ್ಷರ. ಚಪ್ಪಟೆ ಕುಂಚ ತೆಗೆದುಕೊಳ್ಳಿ. ಅದರ ಒಂದು ಮೂಲೆಗೆ ಗಾಢ ಬಣ್ಣ, ಇನ್ನೊಂದು ಮೂಲೆಗೆ ತಿಳಿ ಬಣ್ಣ. ಹಲಗೆಯ ಮೇಲೆ ನಾಲ್ಕು ಸಲ ಎಳೆದು ಎರಡೂ ನಡುವಿನಲ್ಲಿ ಬೆರೆಯುವ ಹಾಗೆ ಮಾಡಿ. ಈಗ ಕುಂಚದ ಅಂಚಿನ ಮೇಲೆ ನಿಲ್ಲಿಸಿ ಶುರುಮಾಡಿ, ಮೆಲ್ಲಗೆ ಒತ್ತುತ್ತಾ ತಿರುಗಿಸಿ. ಗೀರು ಅಗಲವಾಗುತ್ತದೆ. ತಿರುವು ದಾಟಿದ ಮೇಲೆ ಒತ್ತಡ ಬಿಡುತ್ತಾ ಮತ್ತೆ ಅಂಚಿನ ಮೇಲೆ ಎದ್ದು ನಿಲ್ಲಿ. ಬಾಲ ಕೂದಲಿನಷ್ಟು ಸಣ್ಣಗೆ ಮುಗಿಯಬೇಕು. ಒಂದೇ ಗೀರಿನಲ್ಲಿ ನೆರಳು, ಬೆಳಕು ಎರಡೂ ಬಂದಿರುತ್ತವೆ. ಮಣಿಕಟ್ಟು ಆಡಿಸಬೇಡಿ, ಭುಜದಿಂದ ಎಳೆಯಿರಿ. ಕಿರುಬೆರಳು ಹಲಗೆಗೆ ಆನಿಸಿ.

ಅದು ಒಣಗಿದ ಮೇಲೆ ಉದ್ದ ಕೂದಲಿನ ಲೈನರ್ ಕುಂಚದಲ್ಲಿ ತೆಳು ಬಣ್ಣದ ಗೆರೆ. ಎಲೆಯ ಬೆನ್ನಿಗೆ ಒಂದು, ಸುರುಳಿಯ ಹೊಟ್ಟೆಗೆ ಒಂದು, ತುದಿಯಲ್ಲಿ ಕಣ್ಣೀರ ಹನಿಯ ಆಕಾರದ ಸಣ್ಣ ಚುಕ್ಕೆಗಳು. ಟೆಲೆಮಾರ್ಕ್ ರೀತಿಗೆ ಜೀವವೇ ಈ ಗೆರೆ. ಇದು ನಡುಗಿದರೆ ಕೆಳಗಿನ ಎಲೆ ಎಷ್ಟು ಚೆನ್ನಾಗಿದ್ದರೂ ದಂಡ.

ಬಣ್ಣ: ಪ್ರಷ್ಯನ್ ಬ್ಲೂ, ಹಳದಿ ಓಕರ್, ಕೆಂಪು ಐರನ್ ಆಕ್ಸೈಡ್, ಬರ್ನ್ಟ್ ಸಿಯೆನ್ನಾ, ರಾ ಅಂಬರ್, ಬಿಳಿ, ಕಪ್ಪು. ಸಾಕು. ಟ್ಯೂಬಿನಿಂದ ಬಂದ ಹಾಗೇ ಹಾಕಬೇಡಿ, ಸ್ವಲ್ಪ ಅಂಬರ್ ಬೆರೆಸಿ ಹೊಳಪು ಮುರಿಯಿರಿ. ಇಲ್ಲಿ ತಟ್ಟೆಗಳಿಗೆ ಬಾಸ್‌ವುಡ್ ಬಳಸುತ್ತಾರೆ, ಮೆತ್ತಗಿನ ನಯವಾದ ಮರ. ಬೆಂಗಳೂರಿನಲ್ಲಿ ಅದನ್ನೇ ಹುಡುಕುತ್ತಾ ಅಲೆಯಬೇಡಿ, ನಯವಾಗಿ ಉಜ್ಜಿದ ಯಾವ ಹಲಗೆಯಾದರೂ ಸರಿ. ಕಲಿಯುವುದಕ್ಕೆ ಪ್ರೈಮರ್ ಹೊಡೆದ ದಪ್ಪ ರಟ್ಟು ಸಾಕು.

ಬೆಂಗಳೂರು ಬಿಸಿಲು
ಆಯಿಲ್ ಬಣ್ಣ ಮಳೆಗಾಲದಲ್ಲಿ ಒಣಗುತ್ತದಾ?

ಬಣ್ಣದ ಡಬ್ಬಿ
ತೇವದ ಹವೆಗೆ ನಿಧಾನ ಆಗುತ್ತದೆ. ಕುದಿಸಿದ ಅಗಸೆ ಎಣ್ಣೆ ನಾಲ್ಕು ಹನಿ ಬೆರೆಸಿ, ಬೇಗ ಒಣಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಹಿಮದೂರಿನವಳು
ಎಲ್ಲರಿಗೂ ಧನ್ಯವಾದ. ಕಡತದ ಹುಳು ಅವರೇ, ಹಾಲಿಂಗ್‌ದಾಲ್‌ನ ಚರ್ಚ್ ಪುಸ್ತಕ ತೆರೆದೆ. ಕೈಬರಹ ನೋಡಿ ತಲೆ ತಿರುಗಿತು, ಇನ್ನೂ ಸಿಕ್ಕಿಲ್ಲ. ಈಗ ಕೊನೆಯ ಪ್ರಶ್ನೆ. ಎದ್ದಿರುವ ಬಣ್ಣಕ್ಕೆ ಏನು ಮಾಡಲಿ? ಎಣ್ಣೆ ಹಚ್ಚಿ ಹೊಳಪು ತರಬಹುದಾ?

ಸಾಣೆಕಲ್ಲು
ಮರಗೆಲಸದವನಾಗಿ ಹೇಳುತ್ತೇನೆ. ಎಣ್ಣೆ ಬೇಡ. ಪಾಲಿಶ್ ಬೇಡ. ಒದ್ದೆ ಬಟ್ಟೆಯೂ ಬೇಡ. ಬಣ್ಣ ಗಟ್ಟಿ ಇರುವ ಕಡೆ ಮೆತ್ತನೆಯ ಒಣ ಬ್ರಶ್‌ನಿಂದ ಧೂಳು ತೆಗೆಯಿರಿ, ಎದ್ದಿರುವ ಕಡೆ ಮುಟ್ಟಲೇಬೇಡಿ. 'ನಾರ್ಡ್ ಅಮೆರಿಕ' ಅಕ್ಷರ ಅಂದಗೆಡಿಸುತ್ತದೆ ಅಂತ ಯಾರಾದರೂ ಅಳಿಸಲು ಹೇಳಿಯಾರು, ಕೇಳಬೇಡಿ. ನಿಮ್ಮ ಪೆಟ್ಟಿಗೆಯ ಅರ್ಧ ಬೆಲೆ ಅದರಲ್ಲೇ ಇದೆ. ಎಲ್ಲಕ್ಕಿಂತ ಮುಖ್ಯ, ಚಳಿಗಾಲದಲ್ಲಿ ಹೀಟರ್ ಗಾಳಿ ಬರುವ ಕಂಡಿಯ ಹತ್ತಿರ ಇಡಬೇಡಿ. ಮರ ಒಣಗಿ ಕುಗ್ಗುತ್ತದೆ, ಬಣ್ಣ ಅದರ ಜೊತೆ ಕುಗ್ಗುವುದಿಲ್ಲ, ಚಕ್ಕೆ ಏಳುತ್ತದೆ. ನೆಲಮಾಳಿಗೆಯ ತೇವವೂ ಅಷ್ಟೇ ಕೆಟ್ಟದ್ದು. ಒಳಗೋಡೆಯ ಪಕ್ಕ, ಬಿಸಿಲು ಬೀಳದ ಕಡೆ ಇಡಿ.

ಬಣ್ಣದ ಡಬ್ಬಿ
ಡೆಕೋರಾದಲ್ಲಿ ಪ್ರತಿ ವರ್ಷ ಜುಲೈ ಕೊನೆಗೆ ನಾರ್ಡಿಕ್ ಫೆಸ್ಟ್ ಆಗುತ್ತದೆ. ಮ್ಯೂಸಿಯಂನಲ್ಲಿ ಇದೇ ಥರದ ಪೆಟ್ಟಿಗೆಗಳ ಸಾಲೇ ಇದೆ, ನಿಮ್ಮ ಫೋಟೊ ಹಿಡಿದು ಪಕ್ಕದಲ್ಲಿಟ್ಟು ನೋಡಬಹುದು. ನಾವು ಮಿನ್ನೆಸೋಟದ ರೋಚೆಸ್ಟರ್‌ನಿಂದ ಹೊರಡುತ್ತೇವೆ, ಒಂದೂವರೆ ಗಂಟೆಯೊಳಗೆ ತಲುಪಬಹುದು. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬರುವವರು ಖಾಸಗಿ ಸಂದೇಶ ಕಳಿಸಿ. ಚಿತ್ರಾನ್ನ ನನ್ನದು, ಮೊಸರನ್ನ ಬೇರೆ ಯಾರಾದರೂ ತನ್ನಿ.